ತಿಂಗಳಿಗೆ ಎಷ್ಟು ದಿನ? ಕರಾರು, ಕಂತು, ಪಂಚಾಂಗಕ್ಕೆ ತಾರೀಕು ಎಣಿಸುವ ಕ್ರಮ

ಮಂಗಳೂರಿನ ಯಾವುದೇ ಅಂಗಡಿಯ ಗೋಡೆ ಕ್ಯಾಲೆಂಡರ್ ನೋಡಿ. ಕ್ರೈಸ್ತರ ತೆನೆಹಬ್ಬ ಮೊಂತಿ ಫೆಸ್ತ್ ಪ್ರತಿ ವರ್ಷವೂ ಸೆಪ್ಟೆಂಬರ್ 8ಕ್ಕೇ ಬರುತ್ತದೆ. ತುಳುವರ ಹೊಸ ವರ್ಷ ಬಿಸು ಏಪ್ರಿಲ್ 14 ಅಥವಾ 15. ಅಷ್ಟಮಿ ಒಂದು ವರ್ಷ ಆಗಸ್ಟ್‌ನಲ್ಲಿ, ಇನ್ನೊಂದು ವರ್ಷ ಸೆಪ್ಟೆಂಬರ್‌ನಲ್ಲಿ. ಈದ್ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ಒಂದೇ ಹಾಳೆಯಲ್ಲಿ ನಾಲ್ಕು ಬಗೆಯ ತಿಂಗಳು ಇವೆ, ನಾಲ್ಕಕ್ಕೂ ನಿಯಮ ಬೇರೆ.

ಕಾರಣ ಆಕಾಶದಲ್ಲಿದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29 ದಿನ 12 ಗಂಟೆ 44 ನಿಮಿಷ. ಅದೂ ಸರಾಸರಿ ಮಾತ್ರ. ಕೆಲವು ಚಾಂದ್ರಮಾಸಗಳು 29 ದಿನ 7 ಗಂಟೆಯ ಹತ್ತಿರ ಮುಗಿದರೆ ಕೆಲವು 29 ದಿನ 19 ಗಂಟೆಯವರೆಗೆ ಎಳೆಯುತ್ತವೆ. ವರ್ಷವನ್ನು 12ರಿಂದ ಭಾಗಿಸಿದರೆ 30.44 ದಿನ. ಇವೆರಡರಲ್ಲಿ ಯಾವುದೂ ಪೂರ್ಣ ದಿನಗಳಲ್ಲಿ ಮುಗಿಯುವುದಿಲ್ಲ, ಒಂದು ಇನ್ನೊಂದಕ್ಕೆ ಹೊಂದುವುದೂ ಇಲ್ಲ. ಹಾಗಾಗಿ ಮೀಟರು, ಕಿಲೋ ಇದ್ದ ಹಾಗೆ ತಿಂಗಳು ಒಂದು ಅಳತೆಯಲ್ಲ; ಎಲ್ಲಿ ಶುರು, ಎಲ್ಲಿ ಕೊನೆ ಎಂದು ಹೇಳುವ ಕಟ್ಟಳೆ. ತಿಂಗಳನ್ನು 30 ದಿನ ಎಂದು ಬದಲಾಯಿಸಿಕೊಂಡ ಕ್ಷಣದಲ್ಲೇ ಲೆಕ್ಕ ತಪ್ಪಲು ಶುರುವಾಗುತ್ತದೆ.

ಮೊದಲ ಹೆಜ್ಜೆ: ಯಾರ ತಿಂಗಳು?

ಕಾಗದಪತ್ರ, ಬ್ಯಾಂಕು, ಕೋರ್ಟಿನ ವಿಷಯವಾದರೆ ಇಂಗ್ಲಿಷ್ ತಿಂಗಳು. 1897ರ ಸಾಮಾನ್ಯ ಖಂಡಗಳ ಕಾಯಿದೆಯ 3ನೇ ಕಲಮು ತಿಂಗಳೆಂದರೆ ಬ್ರಿಟಿಷ್ ಕ್ಯಾಲೆಂಡರಿನ ತಿಂಗಳು ಎಂದೇ ಹೇಳುತ್ತದೆ. ದೈವಸ್ಥಾನದ ನೇಮ, ಬಿಸು, ತುಳು ತಿಂಗಳುಗಳಾದ ಆಟಿ, ಸೋಣದ ಲೆಕ್ಕವಾದರೆ ಸೌರಮಾನ. ಯುಗಾದಿ, ಚೌತಿ, ದೀಪಾವಳಿಗೆ ಚಾಂದ್ರಮಾನ. ಅಷ್ಟಮಿ, ಆಟಿ ಅಮಾವಾಸ್ಯೆ, ನಮ್ಮ ಕಡೆಯ ಅನೇಕ ಮನೆಗಳ ಶ್ರಾದ್ಧದ ತಿಥಿ ಇವು ಎರಡನ್ನೂ ಸೇರಿಸಿಕೊಂಡವು: ತಿಂಗಳು ಸೌರ, ತಿಥಿ ಚಾಂದ್ರ. ಗೊಂದಲ ಹೆಚ್ಚು ಹುಟ್ಟುವುದು ಈ ಕೊನೆಯ ಗುಂಪಿನಲ್ಲೇ.

ಇಂಗ್ಲಿಷ್ ತಿಂಗಳು ಎಣಿಸುವುದು

ಗಡುವು ಅಥವಾ ನೋಟಿಸಿನ ಅವಧಿ ಲೆಕ್ಕ ಹಾಕುವಾಗ ಈ ಕ್ರಮ ಹಿಡಿಯಿರಿ.

1. ನೋಟಿಸು ಮುಟ್ಟಿದ ದಿನವನ್ನು ಬಿಡಿ. ಕಾಯಿದೆಯಲ್ಲಿ ಇಂಥ ದಿನ‘ದಿಂದ’ ಎಂದಿದ್ದರೆ ಆ ಮೊದಲ ದಿನ ಲೆಕ್ಕಕ್ಕಿಲ್ಲ. ಇಂಥ ದಿನದ‘ವರೆಗೆ’ ಎಂದಿದ್ದರೆ ಆ ಕೊನೆಯ ದಿನ ಲೆಕ್ಕಕ್ಕಿದೆ. ಅದೇ 1897ರ ಕಾಯಿದೆಯ 9ನೇ ಕಲಮು.
2. ತಿಂಗಳ ಸಂಖ್ಯೆಯನ್ನಷ್ಟೇ ಮುಂದಕ್ಕೆ ಸರಿಸಿ, ತಾರೀಕಿನ ಅಂಕೆಯನ್ನು ಹಾಗೇ ಇಡಿ. ಜೂನ್ 12ಕ್ಕೆ ಮೂರು ತಿಂಗಳು ಸೇರಿದರೆ ಸೆಪ್ಟೆಂಬರ್ 12.
3. ಆ ಅಂಕೆ ಆ ತಿಂಗಳಲ್ಲಿ ಇಲ್ಲದಿದ್ದರೆ ತಿಂಗಳ ಕೊನೆಯ ದಿನ. ಹೀಗಾಗಿ 2026ರ ಜನವರಿ 28, 29, 30, 31 ಈ ನಾಲ್ಕರಲ್ಲಿ ಯಾವ ದಿನ ಕೊಟ್ಟರೂ ಒಂದು ತಿಂಗಳು ಮುಗಿಯುವುದು ಫೆಬ್ರವರಿ 28ಕ್ಕೇ.

ಎರಡನೇ ಹೆಜ್ಜೆಯಲ್ಲಿ ಎಡವುವವರು ಬಹಳ. ನೋಟಿಸು ತಿಂಗಳ ಕೊನೆಯ ದಿನ ಬಂದಿದ್ದರೆ ಗಡುವೂ ತಿಂಗಳ ಕೊನೆಯ ದಿನವೇ ಇರಬೇಕು ಎಂದುಕೊಳ್ಳುತ್ತಾರೆ. ಹಾಗಲ್ಲ. ಇಂಗ್ಲೆಂಡಿನ ಡಾಡ್ಸ್ ವಿರುದ್ಧ ವಾಕರ್ ಪ್ರಕರಣದಲ್ಲಿ ನೋಟಿಸು ಕೊಟ್ಟದ್ದು 1978ರ ಸೆಪ್ಟೆಂಬರ್ 30ಕ್ಕೆ, ಗಡುವು ನಾಲ್ಕು ತಿಂಗಳು. ಬಾಡಿಗೆದಾರ ಅರ್ಜಿ ಹಾಕಿದ್ದು 1979ರ ಜನವರಿ 31ಕ್ಕೆ. ಸೆಪ್ಟೆಂಬರ್‌ಗೆ 30 ಕೊನೆಯಾದರೂ ಜನವರಿಯಲ್ಲಿ ಅದಕ್ಕೆ ಸರಿಹೊಂದುವ ದಿನ 30ನೇ ತಾರೀಕೇ. ಒಂದು ದಿನ ತಡವಾಯಿತು ಎಂದು 1981ರಲ್ಲಿ ಅಲ್ಲಿನ ಅತ್ಯುನ್ನತ ಪೀಠ ತೀರ್ಮಾನಿಸಿತು. ನಮ್ಮ ಸುಪ್ರೀಂ ಕೋರ್ಟು 2010ರಲ್ಲಿ ಹಿಮಾಚಲ ಪ್ರದೇಶ ಸರ್ಕಾರದ ಒಂದು ಮಧ್ಯಸ್ಥಿಕೆ ಪ್ರಕರಣದಲ್ಲಿ ಇದೇ ದಾರಿ ಹಿಡಿದು, ಮೂರು ತಿಂಗಳು ಎಂದರೆ 90 ದಿನ ಅಲ್ಲ ಎಂದು ಬಿಡಿಸಿ ಹೇಳಿದೆ. ಮೂರು ತಿಂಗಳು 89 ದಿನವೂ ಆಗಬಹುದು, 92 ದಿನವೂ ಆಗಬಹುದು. ಫೆಬ್ರವರಿ 1ರಿಂದ ಮೇ 1ಕ್ಕೆ 89. ಜುಲೈ 1ರಿಂದ ಅಕ್ಟೋಬರ್ 1ಕ್ಕೆ 92.

ಕಾಯಿದೆಯಲ್ಲಿ ‘ದಿನ’ ಎಂದಿದ್ದರೆ ದಿನವನ್ನೇ ಎಣಿಸಬೇಕು. ಚೆಕ್ ಬೌನ್ಸ್ ಪ್ರಕರಣದಲ್ಲಿ ಎರಡೂ ಬರುತ್ತವೆ: ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸು, ನೋಟಿಸು ಮುಟ್ಟಿದವರಿಗೆ ಹಣ ಕೊಡಲು 15 ದಿನ, ಆಮೇಲೆ ದೂರು ಕೊಡಲು ಒಂದು ತಿಂಗಳು. ಮೊದಲ ಎರಡಕ್ಕೆ ದಿನ ಎಣಿಸಿ, ಮೂರನೆಯದಕ್ಕೆ ತಾರೀಕು ಸರಿಸಿ. ಗಡುವಿನ ಕೊನೆಯ ದಿನದವರೆಗೆ ಕಾಯದೆ ಮೊದಲೇ ವಕೀಲರಿಗೆ ಕಾಗದ ತಲುಪಿಸಿ.

ಬಾಡಿಗೆ ಕರಾರಿನ ಲೆಕ್ಕ ಸ್ವಲ್ಪ ಬೇರೆ. ಮನೆಗೆ ಬಂದ ದಿನವೂ ಬಾಡಿಗೆಯ ದಿನವೇ ಎಂದು ಇಬ್ಬರೂ ಒಪ್ಪಿದ್ದರೆ, ಮಾರ್ಚ್ 15ಕ್ಕೆ ಶುರುವಾದ 11 ತಿಂಗಳು ಮುಗಿಯುವುದು ಫೆಬ್ರವರಿ 14ರ ರಾತ್ರಿಗೆ, 15ಕ್ಕಲ್ಲ. ಆದರೆ ಕರಾರಿನಲ್ಲಿ ‘ಮಾರ್ಚ್ 15ರಿಂದ 11 ತಿಂಗಳು’ ಎಂದಷ್ಟೇ ಬರೆದಿದ್ದರೆ, ಸ್ವತ್ತು ವರ್ಗಾವಣೆ ಕಾಯಿದೆಯ 110ನೇ ಕಲಮಿನಂತೆ ಆ ಮೊದಲ ದಿನವನ್ನು ಬಿಟ್ಟು ಎಣಿಸಬೇಕಾಗುತ್ತದೆ. ಪರಿಹಾರ ಸುಲಭ: ತಿಂಗಳ ಸಂಖ್ಯೆಯ ಜತೆಗೆ ಎರಡೂ ತುದಿಯ ತಾರೀಕು ಬರೆಯಿರಿ. ‘15-03-2026ರಿಂದ 14-02-2027ರವರೆಗೆ, ಎರಡೂ ದಿನ ಸೇರಿ.’ ನಮ್ಮ ಕರಾವಳಿಯ ಮೀನುಗಾರಿಕೆ ನಿಷೇಧದ ಆದೇಶ ಇದಕ್ಕೆ ಒಳ್ಳೆಯ ಮಾದರಿ. ಬಂದರಿನಲ್ಲಿ ಎಲ್ಲರೂ ‘ಎರಡು ತಿಂಗಳು ರಜೆ’ ಎನ್ನುತ್ತಾರೆ, ಆದೇಶದಲ್ಲಿ ಮಾತ್ರ ಜೂನ್ 1ರಿಂದ ಜುಲೈ 31, 61 ದಿನ ಎಂದಿರುತ್ತದೆ. ಬರೀ ಎರಡು ತಿಂಗಳು ಎಂದಿದ್ದರೆ 59ರಿಂದ 62ರವರೆಗೆ ಯಾವುದೂ ಆಗಬಹುದಿತ್ತು.

ಅರ್ಧ ತಿಂಗಳ ಹಣ

ಕಂಕನಾಡಿಯಲ್ಲಿ 12,000 ರೂಪಾಯಿ ಬಾಡಿಗೆಯ ಮನೆಗೆ ಫೆಬ್ರವರಿ 17ಕ್ಕೆ ಬಂದರೆ ಆ ತಿಂಗಳಿಗೆ ಎಷ್ಟು ಕೊಡಬೇಕು? ಮೊದಲು ದಿನ ಎಣಿಸಿ. 28ರಲ್ಲಿ 17 ಕಳೆದರೆ 11 ಬರುತ್ತದೆ, ಆದರೆ ಇದ್ದದ್ದು 12 ದಿನ. ಎರಡೂ ತುದಿ ಸೇರುವಾಗ ಕಳೆದ ಮೇಲೆ ಒಂದು ಕೂಡಿಸಲೇಬೇಕು. ಇನ್ನು ಯಾವುದರಿಂದ ಭಾಗಿಸುವುದು ಎಂಬ ಪ್ರಶ್ನೆ. ಆ ತಿಂಗಳ 28ರಿಂದ ಭಾಗಿಸಿದರೆ 5,143 ರೂಪಾಯಿ. 30ರಿಂದ ಭಾಗಿಸಿದರೆ 4,800. ವರ್ಷದ ಬಾಡಿಗೆಯನ್ನು 365ರಿಂದ ಭಾಗಿಸಿ ಎಣಿಸಿದರೆ 4,734. ಮೂರೂ ಲೆಕ್ಕ ಸರಿಯೇ. ಆದ್ದರಿಂದ ಯಾವ ಸಂಖ್ಯೆಯಿಂದ ಭಾಗಿಸುವುದು ಎಂದು ಮುಂಗಡ ಕೊಡುವಾಗಲೇ ಕರಾರಿನಲ್ಲಿ ಬರೆಸಿ. ಆ ತಿಂಗಳ ನಿಜವಾದ ದಿನಗಳಿಂದ ಭಾಗಿಸುವುದೇ ನ್ಯಾಯ ಎಂದು ನಮ್ಮ ಅಭಿಪ್ರಾಯ. ಹಾಗೆ ಮಾಡಿದರೆ ಪೂರ್ತಿ ತಿಂಗಳು ಇದ್ದವರಿಗೆ ಪೂರ್ತಿ ಬಾಡಿಗೆಯೇ ಬರುತ್ತದೆ. 30ರಿಂದ ಭಾಗಿಸಿದರೆ 31 ದಿನದ ತಿಂಗಳಲ್ಲಿ ದಿನಲೆಕ್ಕ ತಿಂಗಳ ಬಾಡಿಗೆಯನ್ನೂ ಮೀರುತ್ತದೆ. ಗ್ರಾಚ್ಯುಟಿಯಲ್ಲಿ ಮಾತ್ರ ಈ ಚರ್ಚೆಯೇ ಇಲ್ಲ: ತಿಂಗಳ ಸಂಬಳಕ್ಕೆ ಲೆಕ್ಕ ಹಾಕುವವರಿಗೆ ವರ್ಷಕ್ಕೆ 15 ದಿನದ ಸಂಬಳ, ಭಾಗಿಸುವುದು 26ರಿಂದ ಎಂದು ಕಾಯಿದೆಯಲ್ಲೇ ಇದೆ.

ಕಂತಿನ ತಾರೀಕು 31 ಆಗಿದ್ದರೆ ಇನ್ನೊಂದು ತೊಂದರೆ. ಜನವರಿ 31ಕ್ಕೆ ಒಂದು ತಿಂಗಳು ಸೇರಿಸಿದರೆ ಫೆಬ್ರವರಿ 28. ಆ 28ಕ್ಕೆ ಮತ್ತೆ ಒಂದು ತಿಂಗಳು ಸೇರಿಸಿದರೆ ಮಾರ್ಚ್ 28. ಮುಂದೆ ಎಲ್ಲ ಕಂತೂ 28ಕ್ಕೇ ನಿಂತುಬಿಡುತ್ತದೆ. ಆದ್ದರಿಂದ ಹಿಂದಿನ ಕಂತಿನ ತಾರೀಕಿನಿಂದ ಎಣಿಸಬೇಡಿ. ಯಾವಾಗಲೂ ಮೊದಲ ತಾರೀಕಿಗೆ ಒಂದು, ಎರಡು, ಮೂರು ತಿಂಗಳು ಸೇರಿಸಿ. ಆಗ ಫೆಬ್ರವರಿ 28, ಮಾರ್ಚ್ 31, ಏಪ್ರಿಲ್ 30 ಎಂದು ಸರಿಯಾಗಿ ಬರುತ್ತದೆ. ಎಕ್ಸೆಲ್ ಬಳಸುವವರು ಇ-ಡೇಟ್ ಸೂತ್ರಕ್ಕೆ ಮೇಲಿನ ಸಾಲಿನ ಕೋಶವನ್ನು ಕೊಡದೆ, ಮೊದಲ ಕೋಶವನ್ನೇ ಡಾಲರ್ ಚಿಹ್ನೆ ಹಾಕಿ ಕಟ್ಟಿಹಾಕಿ ಕೊಡಬೇಕು. ಪ್ರತಿ ತಿಂಗಳ ಕೊನೆಯ ದಿನವೇ ಬೇಕಾದರೆ ಇಒ-ಮಂತ್ ಸೂತ್ರ ಇದೆ. ಡೇಟ್-ಡಿಫ್ ಸೂತ್ರದ ‘ಎಂಡಿ’ ಆಯ್ಕೆಯನ್ನು ಬಳಸಬೇಡಿ. ಅದು ತಪ್ಪು ಉತ್ತರ ಕೊಡಬಹುದು ಎಂದು ಮೈಕ್ರೋಸಾಫ್ಟೇ ಎಚ್ಚರಿಸಿದೆ.

ವಯಸ್ಸನ್ನು ಕೈಯಲ್ಲಿ ಎಣಿಸುವಾಗಲೂ 30ರ ಮೋಹ ಬಿಡಬೇಕು. 2019ರ ಆಗಸ್ಟ್ 25ಕ್ಕೆ ಹುಟ್ಟಿದ ಮಗುವಿಗೆ 2025ರ ಜೂನ್ 1ಕ್ಕೆ ವಯಸ್ಸೆಷ್ಟು? 2024ರ ಆಗಸ್ಟ್ 25ಕ್ಕೆ 5 ವರ್ಷ, ಮೇ 25ಕ್ಕೆ 9 ತಿಂಗಳು, ಅಲ್ಲಿಂದ ಜೂನ್ 1ಕ್ಕೆ 7 ದಿನ. ಶಾಲೆಯಲ್ಲಿ ಕಲಿತಂತೆ 30 ಸಾಲ ತಂದು ಕಳೆದರೆ 6 ದಿನ ಬರುತ್ತದೆ, ಏಕೆಂದರೆ ಮೇ ತಿಂಗಳಿಗೆ 31 ದಿನ. ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ಉಳಿದ ದಿನ: ಈ ಕ್ರಮದಲ್ಲಿ ಮುಂದಕ್ಕೆ ನಡೆದರೆ ತಪ್ಪಾಗುವುದಿಲ್ಲ. ಒಂದನೇ ತರಗತಿ ಸೇರಿಸಲು ಕರ್ನಾಟಕದಲ್ಲಿ ಜೂನ್ 1 ಗಡಿ. 2025-26ನೇ ಸಾಲಿಗೆ 5 ವರ್ಷ 5 ತಿಂಗಳು ಸಾಕು ಎಂದು ಸಡಿಲಿಸಿದಾಗ ಹುಟ್ಟಿದ ದಿನದ ಗಡಿ 2020ರ ಜನವರಿ 1 ಆಯಿತು.

ಬಾಯಿಮಾತಿನಲ್ಲಿ ತಿಂಗಳಾಗಿದ್ದರೂ ನಿಜವಾಗಿ ವಾರವಾಗಿರುವ ಲೆಕ್ಕಗಳೂ ಇವೆ. ಮಗುವಿನ ‘ಒಂದೂವರೆ ತಿಂಗಳ ಚುಚ್ಚುಮದ್ದು’ ಎಂದರೆ 6 ವಾರ, 42 ದಿನ. ಮೇ 10ಕ್ಕೆ ಹುಟ್ಟಿದ ಮಗುವಿಗೆ ಜೂನ್ 21. ತಿಂಗಳು ಮತ್ತು 15 ದಿನ ಎಂದು ಎಣಿಸಿದರೆ ಜೂನ್ 25 ಆಗುತ್ತದೆ. ತಾಯಿ ಕಾರ್ಡಿನಲ್ಲಿ ಬರೆದ ತಾರೀಕನ್ನೇ ನಂಬಿ. ಹೆರಿಗೆಯ ದಿನದ ಲೆಕ್ಕದಲ್ಲೂ ಹೀಗೆಯೇ: ಕೊನೆಯ ಮುಟ್ಟಿನ ಮೊದಲ ದಿನ 2025ರ ಮೇ 10 ಆಗಿದ್ದರೆ ‘9 ತಿಂಗಳು 7 ದಿನ’ದ ಸೂತ್ರ ಫೆಬ್ರವರಿ 17 ಎನ್ನುತ್ತದೆ, 280 ದಿನ ಎಣಿಸಿದರೆ ಫೆಬ್ರವರಿ 14. ಆಸ್ಪತ್ರೆಯವರು ಬೇರೆ ತಾರೀಕು ಹೇಳಿದರು ಎಂದು ಗಾಬರಿ ಬೇಡ. ಮೊಬೈಲ್ ರೀಚಾರ್ಜಿನ 28 ದಿನದ ‘ತಿಂಗಳು’ ವರ್ಷಕ್ಕೆ 12 ಆಗದೆ 13 ಆಗುತ್ತದೆ, ಆಗಲೂ 364 ದಿನ ಮಾತ್ರ. ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸುವ ಒಂದು ಪ್ಲಾನನ್ನಾದರೂ ಇಡಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2022ರಲ್ಲಿ ಆದೇಶಿಸಿದೆ. ಅಂಗಡಿಯಲ್ಲಿ ಕೇಳಿ ಹಾಕಿಸಿಕೊಳ್ಳಬಹುದು.

ಪಗ್ಗುವಿನಿಂದ ಸುಗ್ಗಿವರೆಗೆ: ಸೌರ ತಿಂಗಳು

ತುಳುವರ ತಿಂಗಳು ಸೂರ್ಯ ರಾಶಿ ದಾಟುವುದರ ಮೇಲೆ ನಿಂತಿದೆ. ಮೇಷಕ್ಕೆ ಪಗ್ಗು, ಮಿಥುನಕ್ಕೆ ಕಾರ್ತೆಲ್, ಕರ್ಕಾಟಕಕ್ಕೆ ಆಟಿ, ಸಿಂಹಕ್ಕೆ ಸೋಣ, ಧನುವಿಗೆ ಪೆರಾರ್ದೆ, ಹೀಗೆ ಮೀನಕ್ಕೆ ಸುಗ್ಗಿ. ರಾಶಿಗಳೆಲ್ಲ ಸಮಾನ 30 ಡಿಗ್ರಿಯಾದರೂ ಅವನ್ನು ದಾಟುವ ಕಾಲ ಸಮಾನವಲ್ಲ. ಜನವರಿಯ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇದ್ದು ವೇಗವಾಗಿ ಓಡುತ್ತದೆ, ಜುಲೈ ಮೊದಲ ವಾರದಲ್ಲಿ ಅತಿ ದೂರ ಇದ್ದು ನಿಧಾನವಾಗುತ್ತದೆ. ಅದಕ್ಕೇ ಪೆರಾರ್ದೆ ಎಲ್ಲಕ್ಕಿಂತ ಗಿಡ್ಡ, ಕಾರ್ತೆಲ್ ಎಲ್ಲಕ್ಕಿಂತ ಉದ್ದ. ಆಕಾಶದಲ್ಲಿ ನಿಜವಾಗಿ ಕಾಣುವ ಸ್ಥಾನಕ್ಕೆ ಹೊಂದಿಸಿದ ಈಗಿನ ದೃಗ್ಗಣಿತದಲ್ಲಿ ಧನು ಸುಮಾರು 29 ದಿನ 11 ಗಂಟೆ, ಮಿಥುನ 31 ದಿನ 11 ಗಂಟೆ. ಹಳೆಯ ಗಣಿತಗ್ರಂಥ ಸೂರ್ಯಸಿದ್ಧಾಂತದಲ್ಲಿ ಇವೇ 29 ದಿನ ಏಳೂವರೆ ಗಂಟೆ ಮತ್ತು 31 ದಿನ ಹದಿನೈದೂವರೆ ಗಂಟೆ. ಎರಡು ಪಂಚಾಂಗಗಳ ಸಂಕ್ರಮಣ ಸಮಯ ಕೆಲವು ಗಂಟೆ ಬೇರೆ ಬರುವುದಕ್ಕೆ ಇದು ಒಂದು ಕಾರಣ. ಅಚ್ಚಿನ ತಪ್ಪು ಎಂದುಕೊಳ್ಳಬೇಡಿ.

ಸಂಕ್ರಮಣ ಒಂದು ಕ್ಷಣ. ತಿಂಗಳು ಶುರುವಾಗಬೇಕಾದದ್ದು ಒಂದು ದಿನ. ಆ ಕ್ಷಣವನ್ನು ದಿನಕ್ಕೆ ಹೊಂದಿಸುವ ನಿಯಮ ಊರಿಂದೂರಿಗೆ ಬೇರೆ. ತುಳುನಾಡಿನಲ್ಲಿ ಸಂಕ್ರಮಣದ ದಿನ ಹಳೆಯ ತಿಂಗಳ ಕೊನೆಯ ದಿನ, ಮರುದಿನ ಸಿಂಗೊಡೆ, ಅಂದರೆ ಹೊಸ ತಿಂಗಳ ಒಂದು. ಕೇರಳದಲ್ಲಿ ಹಗಲಿನ ಐದರಲ್ಲಿ ಮೂರು ಭಾಗ ಕಳೆಯುವ ಮೊದಲು, ಸುಮಾರು ಮಧ್ಯಾಹ್ನ 1 ಗಂಟೆ 12 ನಿಮಿಷದ ಒಳಗೆ, ಸಂಕ್ರಮಣವಾದರೆ ಅದೇ ದಿನ ಹೊಸ ತಿಂಗಳು. ತಮಿಳುನಾಡಿನಲ್ಲಿ ಸೂರ್ಯಾಸ್ತದ ಒಳಗಾದರೆ ಅದೇ ದಿನ.

ಇದರ ಪರಿಣಾಮ 2024ರಲ್ಲಿ ಸ್ಪಷ್ಟ ಕಂಡಿತು. ದೃಗ್ಗಣಿತದಂತೆ ಮಿಥುನ ಸಂಕ್ರಮಣ ಜೂನ್ 14ರ ರಾತ್ರಿ ಹನ್ನೆರಡೂವರೆಯ ನಂತರ. ಪಂಚಾಂಗದ ದಿನ ಸೂರ್ಯೋದಯದಿಂದ ಶುರುವಾಗುವುದರಿಂದ ಅದು ಇನ್ನೂ 14ನೇ ತಾರೀಕಿನ ದಿನವೇ. ಕಾರ್ತೆಲ್ ಒಂದು ಜೂನ್ 15. ಕರ್ಕಾಟಕ ಸಂಕ್ರಮಣ ಜುಲೈ 16ರ ಬೆಳಿಗ್ಗೆ ಸುಮಾರು ಹನ್ನೊಂದೂವರೆಗೆ. ಮರುದಿನದ ನಿಯಮದಲ್ಲಿ ಆಟಿ ಒಂದು ಜುಲೈ 17, ಕಾರ್ತೆಲ್‌ಗೆ 32 ದಿನ. ಅದೇ ಸಂಕ್ರಮಣ ಮಧ್ಯಾಹ್ನಕ್ಕೆ ಮೊದಲೇ ಆದ್ದರಿಂದ ತಲಪಾಡಿ ಗಡಿಯಾಚೆ ಕೇರಳದಲ್ಲಿ ಕರ್ಕಿಡಕ ಒಂದು ಜುಲೈ 16. ಕಾಸರಗೋಡಿನ ನೆಂಟರ ಕ್ಯಾಲೆಂಡರಿಗೂ ನಮ್ಮದಕ್ಕೂ ಒಂದು ದಿನ ವ್ಯತ್ಯಾಸ ಬಂದಾಗ ಮೊದಲು ನೋಡಬೇಕಾದದ್ದು ಸಂಕ್ರಮಣದ ಗಂಟೆ.

ಪಂಚಾಂಗದಲ್ಲಿ ಸಮಯ ಘಳಿಗೆಯಲ್ಲಿ ಇದ್ದರೆ ಹೀಗೆ ತಿರುಗಿಸಿ: ಒಂದು ಘಳಿಗೆಗೆ 24 ನಿಮಿಷ, 60 ವಿಘಳಿಗೆಗೆ ಒಂದು ಘಳಿಗೆ, ಎಣಿಕೆ ಸೂರ್ಯೋದಯದಿಂದ. 12 ಘಳಿಗೆ 30 ವಿಘಳಿಗೆ ಎಂದರೆ 300 ನಿಮಿಷ, 5 ಗಂಟೆ. ಸೂರ್ಯೋದಯ 6.20 ಆಗಿದ್ದರೆ 11.20. ಸೂರ್ಯೋದಯ ನಿಮ್ಮ ಊರಿನದೇ ಆಗಿರಬೇಕು. ಬೆಂಗಳೂರಿಗಿಂತ ಉಡುಪಿಯಲ್ಲಿ ಸೂರ್ಯ ಸುಮಾರು 11 ನಿಮಿಷ ತಡವಾಗಿ ಹುಟ್ಟುತ್ತಾನೆ. ಬೆಂಗಳೂರಿನ ಪಂಚಾಂಗದಲ್ಲಿ ಸೂರ್ಯೋದಯದ ಹೊತ್ತಿಗೆ ತಿಥಿ ಇನ್ನೂ ಐದು ನಿಮಿಷ ಉಳಿದಿದ್ದರೆ ಉಡುಪಿಯಲ್ಲಿ ಆ ತಿಥಿ ಸೂರ್ಯೋದಯಕ್ಕೆ ಮೊದಲೇ ಮುಗಿದಿರುತ್ತದೆ, ದಿನದ ತಿಥಿಯೇ ಬದಲಾಗುತ್ತದೆ.

ಸೌರ ತಿಂಗಳಿಗೆ ಚಂದ್ರನ ತಿಥಿ ಕೂಡಿದಾಗ

12 ಚಾಂದ್ರಮಾಸಕ್ಕೆ 354 ದಿನ ಚಿಲ್ಲರೆ. ವರ್ಷಕ್ಕೆ ಸುಮಾರು 11 ದಿನದ ಕೊರತೆ ಸೇರುತ್ತ ಬಂದು, ಎರಡೂವರೆಯಿಂದ ಮೂರು ವರ್ಷಕ್ಕೊಮ್ಮೆ ಒಂದೇ ಸೌರ ತಿಂಗಳಿನಲ್ಲಿ ಎರಡು ಅಮಾವಾಸ್ಯೆ ಬೀಳುತ್ತದೆ. ಆ ಎರಡರ ನಡುವಿನದೇ ಅಧಿಕ ಮಾಸ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಇಲ್ಲಿ ಅಂತರ ಬಹಳ ಸೂಕ್ಷ್ಮ: ಜೂನ್ 15ರ ಬೆಳಿಗ್ಗೆ ಎಂಟೂವರೆಯೊಳಗೆ ಅಮಾವಾಸ್ಯೆ ಮುಗಿಯುತ್ತದೆ, ಮಿಥುನ ಸಂಕ್ರಮಣ ಅದೇ ಮಧ್ಯಾಹ್ನ. ನಾಲ್ಕೈದು ಗಂಟೆಯ ಅಂತರದಲ್ಲಿ ಇಡೀ ತಿಂಗಳ ಹೆಸರು ತೀರ್ಮಾನವಾಗುತ್ತದೆ. ಅಪರೂಪಕ್ಕೆ ಇದಕ್ಕೆ ವಿರುದ್ಧವೂ ಆಗಿ, ಒಂದು ಚಾಂದ್ರಮಾಸದಲ್ಲೇ ಎರಡು ಸಂಕ್ರಮಣ ಬಂದು ಕ್ಷಯಮಾಸವಾಗುತ್ತದೆ, ಇತ್ತೀಚಿನದು 1982-83ರದು.

2023ರಲ್ಲಿ ಈ ಎರಡು ಅಮಾವಾಸ್ಯೆ ಬಿದ್ದದ್ದು ಆಟಿಯಲ್ಲೇ. ಕರ್ಕಾಟಕ ಸಂಕ್ರಮಣ ಜುಲೈ 17ರ ಬೆಳಗಿನ ಜಾವ, ಅದೇ ದಿನ ಅಮಾವಾಸ್ಯೆ. ಮತ್ತೊಂದು ಆಗಸ್ಟ್ 16ಕ್ಕೆ, ಸಿಂಹ ಸಂಕ್ರಮಣಕ್ಕೆ ಒಂದು ದಿನ ಮೊದಲು. ಆಟಿ ಅಮಾವಾಸ್ಯೆಯ ಪಾಲೆ ಕಷಾಯ ಯಾವತ್ತು ಕುಡಿಯುವುದು ಎಂಬುದು ಆಗ ಗಣಿತದ ಪ್ರಶ್ನೆಯಲ್ಲ, ಊರಿನ ಕಟ್ಟಳೆಯ ಪ್ರಶ್ನೆ. ಇಂಥ ವರ್ಷ ಕ್ಯಾಲೆಂಡರ್ ನೋಡಿ ತೀರ್ಮಾನಿಸದೆ ನಿಮ್ಮ ದೇವಸ್ಥಾನದಲ್ಲಿ ಕೇಳಿ.

ಉಡುಪಿಯ ಅಷ್ಟಮಿಯನ್ನು ಲೆಕ್ಕ ಹಾಕುವ ಕ್ರಮ ಇದೇ ದಾರಿಯಲ್ಲಿದೆ. ಕೃಷ್ಣಮಠದಲ್ಲಿ ಸೌರಮಾನದಂತೆ ಸಿಂಹಮಾಸದ ಕೃಷ್ಣಪಕ್ಷದ ಅಷ್ಟಮಿ, ಜತೆಗೆ ರೋಹಿಣಿ ನಕ್ಷತ್ರ ನೋಡುತ್ತಾರೆ. 2025ರಲ್ಲಿ ಹೀಗೆ ನೋಡಿ. ಒಂದು, ಸಿಂಹ ಸಂಕ್ರಮಣ ಆಗಸ್ಟ್ 17ರ ಬೆಳಗಿನ ಜಾವ ಸುಮಾರು 2 ಗಂಟೆಗೆ. ಎರಡು, ಕನ್ಯಾ ಸಂಕ್ರಮಣ ಸೆಪ್ಟೆಂಬರ್ 17ರ ಬೆಳಗಿನ ಜಾವ. ಮೂರು, ಈ ಎರಡು ಗೆರೆಗಳ ನಡುವೆ ಬೀಳುವ ಕೃಷ್ಣಾಷ್ಟಮಿ ಯಾವುದು? ಆಗಸ್ಟ್ 16ರ ಅಷ್ಟಮಿ ಅದೇ ರಾತ್ರಿ ಹತ್ತರೊಳಗೆ ಮುಗಿಯಿತು. ಆಗ ಸೂರ್ಯ ಇನ್ನೂ ಕರ್ಕಾಟಕದಲ್ಲೇ ಇದ್ದ, ಸಿಂಹಕ್ಕೆ ಬರಲು ಕೆಲವು ಗಂಟೆ ಬಾಕಿ. ಆದ್ದರಿಂದ ಅದು ಆಟಿಯ ಅಷ್ಟಮಿ. ಮುಂದಿನದು ಸೆಪ್ಟೆಂಬರ್ 14, ಅಂದು ರೋಹಿಣಿಯೂ ಇತ್ತು. ಚಾಂದ್ರಮಾನದವರು ಆಗಸ್ಟ್ 16ಕ್ಕೆ ಆಚರಿಸಿದರು, ಉಡುಪಿಯಲ್ಲಿ ಸೆಪ್ಟೆಂಬರ್ 14ಕ್ಕೆ ಅಷ್ಟಮಿ, ಮರುದಿನ ವಿಟ್ಲಪಿಂಡಿ (ಮೊಸರು ಕುಡಿಕೆ). ಮುಂದಿನ ವರ್ಷಗಳಿಗೂ ಇದೇ ಮೂರು ಪ್ರಶ್ನೆ ಕೇಳಿಕೊಂಡರೆ ರೈಲು ಟಿಕೆಟ್ ಮಾಡುವ ಮೊದಲೇ ಹಬ್ಬ ಯಾವ ತಿಂಗಳಲ್ಲಿ ಎಂದು ಅಂದಾಜಾಗುತ್ತದೆ.

ಮುಸ್ಲಿಂ ತಿಂಗಳಿಗೆ ಸೂರ್ಯನ ಜತೆ ಸಂಬಂಧವೇ ಇಲ್ಲ, ಅಧಿಕ ಮಾಸವೂ ಇಲ್ಲ. 29ನೇ ದಿನದ ಸಂಜೆ ಚಂದ್ರ ಕಂಡರೆ ಮರುದಿನ ಹೊಸ ತಿಂಗಳು, ಕಾಣದಿದ್ದರೆ 30 ಪೂರ್ತಿ ಮಾಡುವುದು. ಖಾಝಿಗಳ ಘೋಷಣೆ ಬರುವವರೆಗೆ ತಾರೀಕು ನಿಶ್ಚಯವಲ್ಲ. ಆ ದಿನಗಳ ಹತ್ತಿರ ಹಾಲ್ ಕಾದಿರಿಸುವವರು ಮುಂದಿನ ಒಂದು ದಿನವನ್ನೂ ಕೈಯಲ್ಲಿ ಇಟ್ಟುಕೊಳ್ಳಿ.

ಮನೆಯಲ್ಲಿ ಹುಟ್ಟು, ಸಾವು ಆದಾಗ ಬರೆದಿಡಬೇಕಾದದ್ದು ಇಷ್ಟು: ಇಂಗ್ಲಿಷ್ ತಾರೀಕು, ಗಂಟೆ ನಿಮಿಷ, ಊರು, ಸೌರ ತಿಂಗಳು ಮತ್ತು ಅದರ ಎಷ್ಟನೇ ದಿನ, ಚಾಂದ್ರಮಾಸ, ಪಕ್ಷ, ತಿಥಿ, ನಕ್ಷತ್ರ. ಅಧಿಕ ಮಾಸವಾಗಿದ್ದರೆ ಅದನ್ನೂ ಸೇರಿಸಿ. ನಡುರಾತ್ರಿಯಿಂದ ಸೂರ್ಯೋದಯದವರೆಗಿನ ಸಮಯವಾದರೆ ವಿಶೇಷ ಗಮನ ಬೇಕು. ಆಸ್ಪತ್ರೆಯ ಕಾಗದದಲ್ಲಿ ತಾರೀಕು 12 ಗಂಟೆಗೆ ಬದಲಾಗಿರುತ್ತದೆ, ಪಂಚಾಂಗದ ದಿನ ಬದಲಾಗಿರುವುದಿಲ್ಲ. 17ರ ಬೆಳಗಿನ ಜಾವ 3 ಗಂಟೆ ಎಂದು ಪ್ರಮಾಣಪತ್ರದಲ್ಲಿದ್ದರೆ ಪುರೋಹಿತರಿಗೆ ಬರೀ ‘17ನೇ ತಾರೀಕು’ ಎನ್ನದೆ ‘16ರ ರಾತ್ರಿ ಕಳೆದು, ಬೆಳಗಾಗುವ ಮೊದಲು, 3 ಗಂಟೆಗೆ’ ಎಂದು ಬಿಡಿಸಿ ಹೇಳಿ.